ಗೋಡೆಯ ಆಚೆ ಮೀರಜ್

ಶಮಶುದ್ದೀನಭಾಯಿ ಮೊದಲ ಸಲ ನನ್ನ ಗೋಡೆ ಕೇಳಲು ಬಂದಾಗ ನಾನು ಜೋಳ ಬೀಸುತ್ತಿದ್ದೆ. ಗಿರಣಿಯ ಸಪ್ಪಳದಲ್ಲಿ ಅವರ ಮಾತು ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. "ಒಂದು ತೂತು ಬೇಕಾಗಿತ್ರಿ" ಅಂದರು. ಜರಡಿ ಕೇಳುತ್ತಿದ್ದಾರೆ ಅಂದುಕೊಂಡು ಕೈಗೆ ಜರಡಿ ಕೊಟ್ಟೆ. ಅವರು ಅದನ್ನು ಹಿಡಿದುಕೊಂಡೇ ಗೋಡೆ ತೋರಿಸಿದರು.

"ಇಲ್ಲಿ. ಒಂದು ಗೇಣು ಅಗಲ, ಆರು ಬೆರಳು ಎತ್ತರ. ಗಾಡಿ ಹೋಗಾಕ."

ನಾನು ಗಿರಣಿ ಬಂದ್ ಮಾಡಿದೆ. ಇದನ್ನು ಸರಿಯಾಗಿ ಕೇಳಿಸಿಕೊಂಡೇ ಬೈಯಬೇಕು ಅನ್ನಿಸಿತು.

ದಾಂಡೇಲಿಯ ನಮ್ಮ ಓಣಿಯಲ್ಲಿ ನಮ್ಮದು ಜೋಡಿಮನೆ. ಈ ಕಡೆ ನನ್ನ ಹಿಟ್ಟಿನ ಗಿರಣಿ, ಅದರ ಹಿಂದೆ ಚೀಲ ಇಡುವ ಒಂದು ಖೋಲಿ, ಮೇಲೆ ನಾನು ಮಲಗುವ ಅಟ್ಟ. ಆ ಕಡೆ ಶಮಶುದ್ದೀನಭಾಯಿ. ಮೋಟರ್ ಸುತ್ತುವುದು ಅವರ ಕೆಲಸ. ಸುಟ್ಟುಹೋದ ಪಂಪು, ಫ್ಯಾನು, ಗಿರಣಿ ಮೋಟರು ಬಿಚ್ಚಿ, ಹಳೆಯ ತಾಮ್ರದ ತಂತಿ ಕಿತ್ತು, ಹೊಸದನ್ನು ಎಣಿಸಿ ಎಣಿಸಿ ಸುತ್ತುತ್ತಾರೆ. ಎಣಿಕೆಯಲ್ಲಿ ಒಂದು ಸುತ್ತು ತಪ್ಪಿದ್ದನ್ನು ನಾನು ಕಂಡಿಲ್ಲ. ನನ್ನ ಗಿರಣಿಯ ಮೋಟರನ್ನು ಮೂರು ಸಲ ಸುತ್ತಿ ಕೊಟ್ಟಿದ್ದಾರೆ. ನನ್ನವರು ತೀರಿಕೊಂಡು ಹನ್ನೊಂದು ವರ್ಷವಾಯಿತು. ಆಮೇಲೆ ಈ ಗಿರಣಿ ನಿಲ್ಲದೆ ನಡೆದದ್ದಕ್ಕೆ ಕಾರಣ ಅವರ ಕೈ. ಇಷ್ಟು ಉಪಕಾರ ಪಡೆದವಳು ಒಂದು ತೂತಿಗೆ ಎರಡು ವರ್ಷ ಸತಾಯಿಸಿದೆ. ಅದನ್ನು ಹೇಳಿಕೊಳ್ಳಬೇಕೆಂದೇ ಇದನ್ನೆಲ್ಲ ಹೇಳುತ್ತಿದ್ದೇನೆ.

ಅವರ ಹೆಂಡತಿ ಸಿರಾಜುನ್ನಿಸಾ ಮೀರಜ್‌ನವಳು. ಮಕ್ಕಳಿರಲಿಲ್ಲ. ತವರಿಗೆ ಹೋಗಬೇಕೆಂದರೆ ಇಲ್ಲಿಂದ ಬಸ್ಸಿನಲ್ಲಿ ಅಳ್ನಾವರ, ಅಲ್ಲಿಂದ ರೈಲಿನಲ್ಲಿ ಲೋಂಡಾ, ಲೋಂಡಾದಲ್ಲಿ ಇಳಿದು ಮತ್ತೊಂದು ಗಾಡಿ. ಪ್ರತಿ ಸಲ ಹೊರಡುವಾಗ ನನ್ನ ಗಿರಣಿಯ ಕಟ್ಟೆಯ ಮೇಲೆ ಚೀಲ ಇಟ್ಟು ಅದೇ ಮಾತು ಹೇಳುತ್ತಿದ್ದಳು. "ತುಳಜಾಬಾಯಿ, ಇಲ್ಲಿ ಹತ್ತಿ ಅಲ್ಲಿ ಇಳಿಯೂವಂಥಾ ಒಂದು ಗಾಡಿ ಇದ್ರ ಏನಾಗ್ತಿತ್ರಿ?" ನಾನು ನಗುತ್ತಿದ್ದೆ. ಏಳು ವರ್ಷದ ಹಿಂದೆ ಅಣ್ಣನ ಮಗಳ ಮದುವೆಗೆಂದು ಹೋದವಳಿಗೆ ಅಲ್ಲಿಯೇ ಎದೆನೋವು ಬಂತು. ಬೆಳಿಗ್ಗೆ ಫೋನ್ ಬಂದ ಕೂಡಲೇ ಶಮಶುದ್ದೀನಭಾಯಿ ಮೈಮೇಲಿನ ಬಟ್ಟೆಯಲ್ಲೇ ಹೊರಟರು. ಲೋಂಡಾದಲ್ಲಿ ಗಾಡಿ ತಪ್ಪಿತು. ಮುಂದಿನ ಗಾಡಿ ಹಿಡಿದು ಮೀರಜ್ ಮುಟ್ಟುವಷ್ಟರಲ್ಲಿ ಮಣ್ಣು ಕೊಟ್ಟು ಮುಗಿದಿತ್ತು. ಸಂಜೆಯ ಅಸರ್ ನಮಾಜಿನವರೆಗೆ ಕಾದಿದ್ದರಂತೆ, ಅದಕ್ಕಿಂತ ಹೆಚ್ಚು ಕಾಯಲಾಗಲಿಲ್ಲ. ಇದನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಅದೂ ಮೋಟರಿನ ಮುಚ್ಚಳ ಬಿಗಿಮಾಡುತ್ತ.

ಮರುವರ್ಷ ಅವರ ಮನೆಗೆ ಕೊರಿಯರಿನಲ್ಲಿ ಒಂದು ಡಬ್ಬಿ ಬಂತು. ಸಣ್ಣ ಹಳಿ, ಸಣ್ಣ ಎಂಜಿನ್, ಎರಡು ಬೋಗಿ. ಸಿರಾಜುನ್ನಿಸಾಳ ಹೊಲಿಗೆ ಮಷಿನಿನ ಮೇಜಿನ ಮೇಲೆ ಹಳಿಯನ್ನು ದುಂಡಗೆ ಜೋಡಿಸಿ ಓಡಿಸುತ್ತ ಕೂತಿದ್ದರು. "ಈ ವಯಸ್ಸಿನಾಗ ಆಟಿಗಿ ಸಾಮಾನೇನ್ರಿ ಭಾಯಿ?" ಅಂದೆ. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನನಗೂ ಒಂದು ಸಮಾಧಾನ ಇರುತ್ತಿತ್ತು.

ಮೇಜು ಸಾಲದಾಯಿತು. ಪ್ಲೈವುಡ್ ತಂದರು. ಮಂಚ ಪಡಸಾಲೆಗೆ ಹೋಯಿತು. ಮೂರು ಗೋಡೆಗೆ ತಾಗಿ ಸೊಂಟದೆತ್ತರಕ್ಕೆ ಹಲಗೆ ಬಂತು, ಅದರ ಮೇಲೆ ದಾಂಡೇಲಿ, ಅಳ್ನಾವರ, ಲೋಂಡಾ ಎದ್ದವು. ದಪ್ಪ ರಟ್ಟು ಕತ್ತರಿಸಿ ಸ್ಟೇಷನ್ನು, ಕೊಡೆಯ ಕಡ್ಡಿ ನೆಟ್ಟು ಕಂಬ, ಕಂಬದಿಂದ ಕಂಬಕ್ಕೆ ಮೋಟರಿಗೆ ಸುತ್ತುವ ಅದೇ ತಾಮ್ರದ ತಂತಿ. ಸಾಮಿಲ್ಲಿನ ಮರದ ಪುಡಿಗೆ ಹಸಿರು ಬಣ್ಣ ಹಾಕಿ ಕಾಡು ಮಾಡಿದರು. ಹಳಿಯ ಕೆಳಗೆ ಜಲ್ಲಿಕಲ್ಲು ಬೇಕೆಂದು ನನ್ನ ಗಿರಣಿಯಿಂದ ಜೋಳದ ನುಚ್ಚು ಒಯ್ದು, ಬಣ್ಣ ಕಲೆಸಿ, ಅಂಟಿನಲ್ಲಿ ಹಾಸಿದರು. ನೋಡಲು ಬಹಳ ಚಂದವಾಗಿತ್ತು. ವಾರದೊಳಗೆ ಇಲಿಗಳು ಅಳ್ನಾವರದಿಂದ ಲೋಂಡಾದವರೆಗೆ ತಿಂದುಬಿಟ್ಟವು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ಮಾತ್ರ ಕಾಳಿ ಹೊಳೆಯ ಉಸುಕು ಜರಡಿ ಹಿಡಿದು ಮೊದಲಿಂದ ಹಾಸಿದರು.

"ಹೊಗಿ ಬಿಡೂ ಎಂಜಿನ್ ಇದ್ರ ನೋಡಾಕ ಮಜಾ ಇರ್ತಿತ್ತು" ಅಂತ ಒಮ್ಮೆ ಅಂದೆ.

"ಅದು ಬ್ಯಾಡ್ರಿ. ಹೊಗಿಗಾಡಿ ಎಂದೋ ಹೋಗಿ ಮುಗದೈತಿ. ನನಗ ಈಗ ಹೋಗೂ ಗಾಡಿ ಬೇಕು" ಅಂದರು. ಹಾಗಾಗಿ ಕರೆಂಟಿನ ಎಂಜಿನ್, ಕೆಂಪು ಬೋಗಿ, ದೀಪದ ಸಿಗ್ನಲ್ಲು, ಎಲ್ಲ ಈಗಿನ ಕಾಲದ್ದು.

ಘೋಷಣೆಯೂ ಬೇಕಾಯಿತು. ಗಿರಣಿ ಸಪ್ಪಳದ ಮೇಲೆ ಕೂಗಿ ಕೂಗಿ ಬೆಳೆದ ಗಂಟಲು ಓಣಿಯಲ್ಲಿ ನನ್ನದೊಂದೇ. ಅವರು ಬರೆದುಕೊಟ್ಟದ್ದನ್ನು ಓದಿ ಅವರ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಟ್ಟೆ. "ಪ್ರಯಾಣಿಕರು ದಯವಿಟ್ಟು ಗಮನಿಸಿ. ದಾಂಡೇಲಿಯಿಂದ ಅಳ್ನಾವರ, ಲೋಂಡಾ, ಬೆಳಗಾವಿ ಮಾರ್ಗವಾಗಿ ಮೀರಜ್‌ಗೆ ಹೋಗುವ ಗಾಡಿ ಒಂದನೇ ಪ್ಲಾಟ್‌ಫಾರ್ಮಿನಿಂದ ಹೊರಡಲು ಸಿದ್ಧವಾಗಿದೆ." ಅಂದಿನಿಂದ ದಿನಾ ಸಂಜೆ ನಾಲ್ಕೂ ಹತ್ತಕ್ಕೆ ಅವರ ಕಿಟಕಿಯಿಂದ ನನ್ನದೇ ದನಿ ಕೇಳಿಸುತ್ತಿತ್ತು. ಆದರೆ ಗಾಡಿ ಮೀರಜ್‌ಗೆ ಹೋಗುತ್ತಿರಲಿಲ್ಲ. ಹಲಗೆ ಲೋಂಡಾಕ್ಕೇ ಮುಗಿದಿತ್ತು. ಅಲ್ಲಿಂದ ಹಳಿ ಹಿಂದಿನಿಂದ ಸುತ್ತಿ ದಾಂಡೇಲಿಗೇ ಬರುತ್ತಿತ್ತು. ಮನೆಯಲ್ಲಿ ಮತ್ತೆ ಜಾಗವಿರಲಿಲ್ಲ. ಉಳಿದದ್ದು ಗೋಡೆಯ ಆಚೆಯ ನನ್ನ ಚೀಲದ ಖೋಲಿ. ಅವರು ಗೋಡೆ ಕೇಳಿದ್ದು ಅದಕ್ಕೇ.

ನಾನು ಆ ದಿನ ಏನೇನೋ ನೆಪ ಹೇಳಿದೆ. ಇಲಿ ಬರ್ತಾವು, ಗೋಡಿ ಹಳೇದು, ಹಿಟ್ಟು ಹಾರಿ ನಿಮ್ಮ ಹಳಿ ಕೆಡ್ತಾವು. ನಿಜವಾದ ಕಾರಣ ಬೇರೆ. ಒಂಟಿ ಹೆಂಗಸಿನ ಖೋಲಿಗೂ ಒಂಟಿ ಗಂಡಸಿನ ಮನೆಗೂ ನಡುವೆ ತೂತು ಬಿತ್ತೆಂದರೆ ಓಣಿಯವರು ಸುಮ್ಮನಿರುತ್ತಾರೆಯೇ? ಗಾಡಿ ಹೋಗಾಕ ಅಂದರೆ ಇನ್ನೂ ನಗುತ್ತಾರೆ. ಇದನ್ನು ಅವರಿಗೆ ಹೇಳಲು ನಾಚಿಕೆಯಾಗಿ, ಕೊನೆಗೆ "ನೋಡೂಣು ತಗೋರಿ" ಅಂದೆ.

ನಮ್ಮ ಕಡೆ ನೋಡೂಣು ಅಂದರೆ ಆಗುವುದಿಲ್ಲ ಅಂತ ಅರ್ಥ. ಮದುವೆಗೆ ಕರೆದರೂ ನೋಡೂಣು, ಕೈಗಡ ಕೇಳಿದರೂ ನೋಡೂಣು. ಕೇಳಿದವರೂ ತಿಳಿದುಕೊಂಡು ಎದ್ದು ಹೋಗುತ್ತಾರೆ, ಯಾರ ಮುಖವೂ ಸಣ್ಣದಾಗುವುದಿಲ್ಲ. ಐವತ್ತೆಂಟು ವರ್ಷ ಇದೇ ಊರಿನಲ್ಲಿ ಇದ್ದವರಿಗೆ ಅದು ಗೊತ್ತಿಲ್ಲವೆ? ಅವರು ಜರಡಿ ವಾಪಸು ಕೊಟ್ಟು, "ಆತ್ರಿ, ನೋಡೂಣು" ಅಂತ ಹೋದರು. ಆಮೇಲೆ ಮಳೆಗಾಲ ಮುಗಿದಾಗ ಒಮ್ಮೆ, ಸುಗ್ಗಿ ಮುಗಿದಾಗ ಒಮ್ಮೆ ಬಾಗಿಲಿಗೆ ಬಂದು ನಿಂತರು. ಎರಡು ಸಲವೂ ನಾನು ಅದನ್ನೇ ಅಂದೆ.

ಹೀಗೆ ಎರಡು ವರ್ಷ ಕಳೆದ ಮೇಲೆ, ಹೋದ ಫಾಲ್ಗುಣದಲ್ಲಿ ಸೋನಿಬಾಯಿ ಬಂದಳು. ಹಳಿಯಾಳದ ಕಡೆ ಕಾಡಿನ ನಡುವೆ ನಾಲ್ಕೇ ಮನೆಯ ಒಂದು ವಾಡೆಯ ಮುದುಕಿ. ದಾಂಡೇಲಿಯಲ್ಲಿರುವ ಮಗಳ ಮನೆಗೆ ಬಂದಾಗಲೆಲ್ಲ ನನ್ನಲ್ಲಿ ರಾಗಿ ಬೀಸಿಸುತ್ತಾಳೆ. ಹಿಟ್ಟು ತುಂಬಿ ಕೊಟ್ಟು ಗಿರಣಿ ನಿಲ್ಲಿಸಿದೆ. ಅಷ್ಟರಲ್ಲಿ ನಾಲ್ಕೂ ಹತ್ತಾಯಿತು. ಪ್ರಯಾಣಿಕರು ದಯವಿಟ್ಟು ಗಮನಿಸಿ ಅಂತ ಕಿಟಕಿ ಕೂಗಿತು. ಮುದುಕಿ ಕಿವಿ ನಿಮಿರಿಸಿದಳು. ಸಿರಾಜುನ್ನಿಸಾ ಹೋದ ಮೇಲೆ ಶುರುವಾಗಿದ್ದ ಅಳ್ನಾವರದ ಪ್ಯಾಸೆಂಜರ್ ಗಾಡಿ ಕೊರೊನಾದಲ್ಲಿ ನಿಂತದ್ದು ನಿಂತೇ ಇತ್ತು, ಅದೇ ಮತ್ತೆ ಶುರುವಾಯಿತು ಅಂದುಕೊಂಡಳು. ಅವಳ ತಂಗಿ ಅಳ್ನಾವರದಲ್ಲಿ. ನಾನು ಕೈ ತೊಳೆದು ಬರುವುದರೊಳಗೆ ಹಿಟ್ಟಿನ ಗಂಟು ಹೊತ್ತು ಶಮಶುದ್ದೀನಭಾಯಿಯ ಹೊಸ್ತಿಲಲ್ಲಿ ನಿಂತು, "ಅಳ್ನಾವರಕ್ಕ ಒಂದು ತಿಕೀಟು ಕೊಡಪಾ" ಅನ್ನುತ್ತಿದ್ದಳು.

ನಗು ತಡೆಯಲಾಗದೆ ನಾನೂ ಹಿಂದೆ ಹೋದೆ. ಶಮಶುದ್ದೀನಭಾಯಿ ಅವಳಿಗೆ ಸ್ಟೂಲು ಹಾಕಿ ಕೂಡಿಸಿದರು. "ಆಯಿ, ಇದು ಮನ್ಯಾಗಿನ ಗಾಡಿ. ಕೂಡಾಕ ಬರೂದಿಲ್ಲ. ನೋಡ್ರಿ" ಅಂತ ಗುಂಡಿ ತಿರುವಿದರು. ಗಾಡಿ ದಾಂಡೇಲಿ ಬಿಟ್ಟಿತು, ಅಳ್ನಾವರದಲ್ಲಿ ನಿಂತಿತು, ಲೋಂಡಾ ದಾಟಿ ಮೂಲೆ ಸುತ್ತಿ ಹೊರಟಲ್ಲಿಗೇ ಬಂದು ನಿಂತಿತು.

ಮುದುಕಿ ಬಹಳ ಹೊತ್ತು ನೋಡಿದಳು. "ಇದು ಹೊಳ್ಳಿ ಇಲ್ಲೇ ಬಂತಲ್ಲೋ ಅಪ್ಪಾ. ಅಂದ್ರ ಹೋಗಲೇ ಇಲ್ಲ."

"ಹೌದ ಆಯಿ. ಇನ್ನೂ ಹೋಗಿಲ್ಲ."

"ಮತ್ತ ಆ ಹಿಂದಿನ ಡಬ್ಬಿ ಬಿದ್ದೈತಿ, ಎತ್ತಿಡು."

ಕೊನೆಯ ಬೋಗಿ ಹಳಿಯಿಂದ ಜಾರಿ ಅಡ್ಡ ಬಿದ್ದಿತ್ತು. ಶಮಶುದ್ದೀನಭಾಯಿ ಬೇರೆ ಕಡೆ ಕೈಯಿಟ್ಟರು. ಆಮೇಲೆ ಹಲಗೆಯ ಅಂಚು ಸವರಿ, ಹಳಿ ಸವರಿ, ಬೋಗಿ ಹುಡುಕಿ, ಬೆರಳ ತುದಿಯಲ್ಲೇ ಗಾಲಿ ಕೂಡಿಸಿದರು. ನನ್ನ ನಗು ನಿಂತುಹೋಯಿತು. ಮುದುಕಿಯನ್ನು ಮಗಳ ಮನೆಯ ದಾರಿಗೆ ಹಚ್ಚಿ ಬಂದು ಕೇಳಿದೆ.

"ಎಷ್ಟು ದಿನ ಆತ್ರಿ?"

"ಸಕ್ಕರಿ ಕಾಯಿಲಿ. ಎಡಗಣ್ಣು ಹ್ವಾದ ವರ್ಷನ ಹೋತು. ಬಲಗಣ್ಣಿನಾಗ ಬೆಳಕಷ್ಟ ಕಾಣ್ತೈತಿ. ಹುಬ್ಬಳ್ಳಿ ಡಾಕ್ಟರು ಇನ್ನ ಏನೂ ಮಾಡಾಕ ಬರೂದಿಲ್ಲ ಅಂದ್ರು. ಮೋಟರ್ ಸುತ್ತಾಕ ಕಣ್ಣು ಬೇಕಾಗೂದಿಲ್ರಿ, ಎಣಿಕಿ ಸಾಕು. ಅದಕ್ಕ ಯಾರಿಗೂ ಗೊತ್ತಾಗಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಗೋಡಿಗೆ ಗೋಡಿ ಹಚ್ಚಿಕೊಂಡು ಇದ್ದೇನಿ. ನನಗರ ಹೇಳಬಾರದಾಗಿತ್ತೇನ್ರಿ? ಕಣ್ಣು ಇದ್ದಾಗನ ಒಂದು ಸಲ ಜೋರು ಮಾಡಿ ಕೇಳಿದ್ರ ನಾ ಏನು ತಿಂತಿದ್ನೇನು?"

"ನೀವು ನೋಡೂಣು ಅಂದಿದ್ರಲ್ರಿ. ಅದಕ್ಕ ಕಾದೆ."

ಹಂಗಿಸಿ ಆಡಿದ ಮಾತಲ್ಲ ಅದು. ಹಂಗಿಸುವುದು ಅವರಿಗೆ ಬರುವುದಿಲ್ಲ. ಮಂಚದ ಕೆಳಗಿನಿಂದ ಅವರು ನಾಲ್ಕು ರಟ್ಟಿನ ಡಬ್ಬಿ ಎಳೆದರು. ಅವುಗಳಲ್ಲಿ ಮೀರಜ್ ಇತ್ತು. ಪ್ಲಾಟ್‌ಫಾರ್ಮು, ಮೇಲ್ಸೇತುವೆ, ಕುಡಿಯುವ ನೀರಿನ ನಲ್ಲಿ, ಬೆರಳಿನುದ್ದದ ಬೆಂಚು. ನಾನು ಮೊದಲ ಸಲ ನೋಡೂಣು ಅಂದ ಮರುದಿನವೇ ಶುರು ಮಾಡಿದ್ದರಂತೆ. ಮೊದಲ ಡಬ್ಬಿಯ ಗೆರೆಗಳು ನೇರವಾಗಿದ್ದವು, ಕೊನೆಯದರವು ಸೊಟ್ಟಗಿದ್ದವು. ಊರೆಲ್ಲ ಇಲ್ಲ ಅಂತ ತಿಳಿದುಕೊಳ್ಳುವ ಮಾತನ್ನು ಇವರೊಬ್ಬರು ಹೌದು ಅಂತ ಇಟ್ಟುಕೊಂಡು ಕುರುಡಾಗುವವರೆಗೆ ಕೂತಿದ್ದರು. ನಾನು ಮನೆಗೆ ಬಂದು ಅತ್ತೆ. ಹಿಟ್ಟಿನ ಕೈಯಲ್ಲಿ ಕಣ್ಣೊರೆಸಿ ಇನ್ನಷ್ಟು ಉರಿಸಿಕೊಂಡೆ.

ಮರುದಿನ ಹಗಲು ಹನ್ನೊಂದಕ್ಕೆ ಗೌಂಡಿ ವೀರೇಶನನ್ನು ಕರೆಸಿದೆ. ಎರಡೂ ಮನೆಯ ಬಾಗಿಲು ಹಾರುಹೊಡೆದು ತೆರೆದಿಟ್ಟೆ. ಡ್ರಿಲ್ಲಿನ ಸಪ್ಪಳಕ್ಕೆ ಓಣಿಯ ದುರ್ಗವ್ವ ಬಂದು, "ಏನ ತುಳಜಾ, ಗೋಡಿ ಒಡಸಾಕತ್ತಿ?" ಅಂದಳು.

"ಹೌದವಾ, ರೈಲು ಬರಾಕತ್ತೈತಿ. ಕೂತು ಚಾ ಕುಡದು ನೋಡಿ ಹೋಗು" ಅಂದೆ. ಕೂತಳು, ಚಹಾ ಕುಡಿದಳು, ಎದ್ದು ಹೋದಳು. ಇಷ್ಟಕ್ಕೆ ನಾನು ಎರಡು ವರ್ಷ ಹೆದರಿದ್ದೆ.

ಚೀಲಗಳನ್ನೆಲ್ಲ ಅಟ್ಟಕ್ಕೆ ಸಾಗಿಸಿ, ಖೋಲಿಯಲ್ಲಿ ಹಲಗೆ ಹೂಡಿ, ಅವರು ಬೆರಳಿನಿಂದ ಅಳೆದು ಹೇಳಿದಂತೆ ನಾನೇ ಮೀರಜ್ ಜೋಡಿಸಿದೆ. ಮುಗಿಯಲು ಒಂಬತ್ತು ದಿನ ಹಿಡಿಯಿತು. ಹತ್ತನೆಯ ದಿನ ಅವರು ತಮ್ಮ ಮನೆಯಲ್ಲಿ ಗುಂಡಿಯ ಮೇಲೆ ಕೈಯಿಟ್ಟು ನಿಂತರು. ನಾನು ಈಚೆ ಖೋಲಿಯಲ್ಲಿ ಪ್ಲಾಟ್‌ಫಾರ್ಮಿನ ಪಕ್ಕ ನಿಂತೆ. ನಾಲ್ಕೂ ಹತ್ತಕ್ಕೆ ಕಿಟಕಿಯಲ್ಲಿ ನನ್ನ ದನಿ ಕೂಗಿತು. ಗಾಡಿ ಹೊರಟ ಸದ್ದಾಯಿತು. ಹಳಿಯ ಸಂದು ದಾಟುವ ಟಿಕ್ ಟಿಕ್ ಸದ್ದನ್ನು ಅವರು ಆಚೆ ಬಾಯಿಬಿಟ್ಟು ಎಣಿಸುತ್ತಿದ್ದರು. ನೂರಾ ನಾಲ್ಕಕ್ಕೆ ತೂತಿನಲ್ಲಿ ಎಂಜಿನ್ನಿನ ದೀಪ ಕಂಡಿತು. ಹಿಂದೆ ಐದು ಕೆಂಪು ಬೋಗಿ. ನೂರಾ ಮೂವತ್ತೊಂದಕ್ಕೆ ನಿಲ್ಲಿಸಿದರು.

"ಮುಟ್ಟಿತೇನ್ರಿ?"

"ಮುಟ್ಟಿತ್ರಿ ಭಾಯಿ. ಬರೋಬ್ಬರಿ ಪ್ಲಾಟ್‌ಫಾರ್ಮಿಗೇ ನಿಂತೈತಿ. ಎಲ್ಲೂ ಗಾಡಿ ಬದಲಿ ಮಾಡಲಿಲ್ಲ."

ಅವರು ಗುಂಡಿ ಬಿಟ್ಟು ಹಲಗೆಯ ಅಂಚು ಸವರುತ್ತ ಗೋಡೆಯ ಕಡೆ ಬಂದರು. ಆಮೇಲೆ ತೂತಿನ ಹತ್ತಿರ ಬಾಯಿ ತಂದು ಕೇಳಿದರು, ಮೆಲ್ಲಗೆ.

"ಪ್ಲಾಟ್‌ಫಾರ್ಮಿನ ಮ್ಯಾಲ ಯಾರರ ನಿಂತಾರೇನ್ರಿ?"

ನಾನು ಬಗ್ಗಿ ನೋಡಿದೆ. ಬೆಂಚು, ನಲ್ಲಿ, ಸೊಟ್ಟಗಿನ ಮೇಲ್ಸೇತುವೆ. ಅವರು ಮನುಷ್ಯರನ್ನು ಮಾಡಿರಲಿಲ್ಲ. ನಾನೂ ತೂತಿನ ಹತ್ತಿರ ಬಾಯಿ ತಂದೆ.

"ನಾಳಿನ ಗಾಡಿಗೆ ನೋಡೂಣು ತಗೋರಿ" ಅಂದೆ.

"ಆತ್ರಿ, ನೋಡೂಣು" ಅಂದರು. ಗಾಡಿ ಹಿಂದಕ್ಕೆ ಸರಿದು ಗೋಡೆಯೊಳಗೆ ಹೋಯಿತು. ಅವರು ಮತ್ತೆ ಎಣಿಸತೊಡಗಿದರು. ಎಣಿಕೆ ಮುಗಿಯುವವರೆಗೂ ನಾನು ಮೀರಜ್‌ನಲ್ಲೇ ನಿಂತಿದ್ದೆ.