ಜೋಗೇಶ್ವರಿಯ ಅಂಗಳದಲ್ಲಿ ಎತ್ತಿದ ಕಲ್ಲು

1955ರ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಮುಂಬಯಿಯ ಜೋಗೇಶ್ವರಿಯ ನಮ್ಮ ಚಾಳಿನ ಅಂಗಳದಲ್ಲಿದ್ದ ಒಂದು ಕರಿಕಲ್ಲನ್ನು ನೆಲದಿಂದ ಎತ್ತಿ ಕೈಯಲ್ಲಿ ನೂಕುವ ಹಾತಗಾಡಿಯ ಮೇಲೆ ಇಟ್ಟರು. ಎತ್ತಿದವರು ಏಳು ಜನ, ಕೂಗು ಹಾಕಿದವರು ಒಬ್ಬರು. ಎಂಟೂ ಜನ ಒಂದೇ ಊರಿನವರು, ರೈಲ್ವೆ ಗ್ಯಾಂಗಿನವರು, ಎರಡನೆಯ ಮಹಾಯುದ್ಧಕ್ಕೆ ಹೋಗಿ ಬಂದವರು. ಆಗ ನನಗೆ ಒಂಬತ್ತು ವರ್ಷ. ನಾನು ಕಣ್ಣಾರೆ ಕಂಡದ್ದನ್ನೂ ಬೇರೆಯವರು ಹೇಳಿದ್ದನ್ನೂ ಕಲಸದೆ ಬರೆಯುತ್ತೇನೆ. ಆ ಅಭ್ಯಾಸ ಅಪ್ಪನಿಂದ ಬಂದದ್ದು.

ಈಗಲೂ ಮಳೆಗಾಲಕ್ಕೆ ಮುಂಚೆ ನಮ್ಮ ಬಿಲ್ಡಿಂಗಿನ ತಾರಸಿಗೆ ಡಾಂಬರು ಬಳಿಯುವ ದಿನ ನಾನು ಕಿಟಕಿ ಮುಚ್ಚುವುದಿಲ್ಲ. ಆ ವಾಸನೆ ಮೂಗಿಗೆ ಬಡಿದರೆ ಸಾಕು, ಚಾಳಿನಲ್ಲಿ ಪಕ್ಕದ ಮನೆಯ ಗಂಗವ್ವನ ಬಾಗಿಲ ಮುಂದಿದ್ದ ಹಳೆಯ ಸ್ಲೀಪರ್ ನೆನಪಾಗುತ್ತದೆ. ಹಳಿಯ ಅಡಿಯಿಂದ ಕಿತ್ತು ಬಿಸಾಕಿದ ಆ ಮರದ ದಿಮ್ಮಿಯನ್ನು ಯಾರೋ ಹೊತ್ತು ತಂದು ಅಲ್ಲಿ ಕಟ್ಟೆಯ ಹಾಗೆ ಹಾಕಿದ್ದರು. ಬೇಸಿಗೆಯ ಮಧ್ಯಾಹ್ನ ಅದರ ಬಿರುಕುಗಳಿಂದ ಡಾಂಬರು ಒಸರುತ್ತಿತ್ತು. ಮರೆತು ಕುಳಿತವರ ಧೋತರಕ್ಕೆ ಕಪ್ಪು ಕಲೆ ಹತ್ತಿ, "ಏನೋ, ಹಿಂದ ಠಸ್ಸೆ ಹೊಡಿಸ್ಕೊಂಡ ಬಂದೀಯಲ್ಲೊ" ಎಂದು ಗಂಗವ್ವ ನಗುತ್ತಿದ್ದಳು. ಅದೇ ಸ್ಲೀಪರಿನ ಮೇಲೆ ಒಂದು ಗೋಣಿಚೀಲ ಹಾಸಿ, ನನ್ನನ್ನು ಮೊಣಕಾಲುಗಳ ನಡುವೆ ಕೂಡಿಸಿಕೊಂಡು, ಅವಳು ನನ್ನ ತಲೆ ಬಾಚುತ್ತಿದ್ದಳು. ಕೊಬ್ಬರಿ ಎಣ್ಣೆ, ಡಾಂಬರು, ಅವಳ ಸೆರಗಿಗಂಟಿದ ಜೋಳದ ಹಿಟ್ಟು, ಇವು ಮೂರೂ ಕೂಡಿದ ವಾಸನೆಯೇ ನನಗೆ ಮನೆಯ ವಾಸನೆ. ಅಂಥ ಒಂದು ಮನೆಯನ್ನು ಕಳೆದುಕೊಂಡವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ.

ನಮ್ಮದು ಒಂದು ಖೋಲಿ, ಗೋಡೆಯಾಚೆ ಗಂಗವ್ವನದು ಇನ್ನೊಂದು. ಅವಳ ಖೋಲಿಯೇ ಖಾನಾವಳಿ. ಗದಗದ ದಿಕ್ಕಿನ ನಮ್ಮ ಸಣ್ಣ ಊರಿನಿಂದ ಬಂದು, ಲೋಕಲ್ ಓಡುವ ಹಳಿಗಳ ಮೇಲೆ ಗ್ಯಾಂಗಿನಲ್ಲಿ ದುಡಿಯುತ್ತಿದ್ದ ಗಂಡಸರು ಅಲ್ಲಿ ಉಣ್ಣುತ್ತಿದ್ದರು. ಹೆಂಡಿರು ಮಕ್ಕಳು ಊರಲ್ಲಿ, ರೊಟ್ಟಿ ಗಂಗವ್ವನದು. ಅವರ ಮುಂದಾಳು ಯಲ್ಲಪ್ಪ ಮೇಸ್ತ್ರಿ. ಎತ್ತರದ ಆಳು, ತುಟಿ ಮುಚ್ಚುವ ಮೀಸೆ. ಬರಿಗಾಲಲ್ಲಿ ಹಳಿಯ ಮೇಲೆ ನಿಂತು, ದೂರದ ಗಾಡಿ ಯಾವ ಲೈನಿನಲ್ಲಿ ಬರುತ್ತಿದೆ ಎಂದು ಹೇಳುತ್ತಿದ್ದರಂತೆ. ಇದು ಅವರೇ ಹೇಳಿದ್ದು, ನಾನು ನೋಡಿಲ್ಲ. ಅಪ್ಪ ಗಿರಗಾಂವಿನ ಒಂದು ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುತ್ತಿದ್ದರು. ಊರಿನವರಲ್ಲಿ ಓದು ಬರಹ ಬಲ್ಲವರೆಂದು ಎಲ್ಲರೂ ಅವರನ್ನು ಮಾಸ್ತರ ಎಂದೇ ಕರೆಯುತ್ತಿದ್ದರು.

ಊರಿನ ಸ್ಟೇಶನ್ನಿನಲ್ಲಿ ಒಂದು ಕಲ್ಲು ನಿಲ್ಲಿಸಬೇಕು, ಯುದ್ಧಕ್ಕೆ ಹೋದ ನಮ್ಮ ರೈಲ್ವೆಯವರ ಹೆಸರು ಅದರ ಮೇಲೆ ಕೆತ್ತಿಸಬೇಕು ಎಂಬ ಮಾತು ಖಾನಾವಳಿಯ ಪಂಕ್ತಿಯಲ್ಲೇ ಹುಟ್ಟಿತು. ಸಿಪಾಯಿಗಳಿಗೆ ಎಲ್ಲೆಲ್ಲೋ ಕಲ್ಲುಗಳಿದ್ದವು. ಹಾರೆ ಸಲಿಕೆ ಹಿಡಿದು ಹೋದವರಿಗೆ ಇರಲಿಲ್ಲ. ಹೆಸರು ಕೂಡಿಸುವ ಕೆಲಸ ಅಪ್ಪನ ಪಾಲಿಗೆ ಬಂತು. ಆ ಚಳಿಗಾಲದ ಭಾನುವಾರಗಳಲ್ಲಿ ಗ್ಯಾಂಗಿನವರು ಒಬ್ಬೊಬ್ಬರಾಗಿ ನಮ್ಮ ಖೋಲಿಗೆ ಬಂದು ಚಾಪೆಯ ಮೇಲೆ ಕೂಡುತ್ತಿದ್ದರು. ಅಪ್ಪ ಕೇಳುತ್ತಿದ್ದರು: ಎಲ್ಲಿ ಹಡಗು ಹತ್ತಿದಿರಿ, ಎಲ್ಲಿ ಇಳಿದಿರಿ, ಜೊತೆಗೆ ಯಾರಿದ್ದರು. ಅವರು ಇರಾಕಿನ ಬಸ್ರಾದ ಆಚೆಯ ಮರಳಿನ ಕಥೆ ಹೇಳುತ್ತಿದ್ದರು. ಸಂಜೆ ಹಾಕಿದ ಹಳಿ ಬೆಳಿಗ್ಗೆ ಮರಳಿನಡಿ ಇರುತ್ತಿತ್ತು. ಅದನ್ನೇ ಮತ್ತೆ ತೋಡಬೇಕು. ಬಿಸಿಲಿಗೆ ಕಾದ ಕಬ್ಬಿಣ ಮುಟ್ಟಲಾಗದೆ ರುಮಾಲು ಹರಿದು ಕೈಗೆ ಸುತ್ತಿಕೊಳ್ಳುತ್ತಿದ್ದರು. ಕುಡಿಯುವ ನೀರಿಗೆ ಎಂಜಿನ್ನಿನ ರುಚಿ. ಚನ್ನಪ್ಪ ಎಂಬವನಿಗೆ ಮಾತ್ರ ಇಡೀ ಯುದ್ಧ ಎಂದರೆ ಖರ್ಜೂರ. "ರೊಟ್ಟಿ ಇಲ್ಲ, ಖಾರ ಇಲ್ಲ ಮಾಸ್ತರ. ಮುಂಜಾನಿ ಖರ್ಜೂರ, ಮಧ್ಯಾನ ಖರ್ಜೂರ. ಜರ್ಮನಿಯಾಂವ ನಮಗ ಏನೂ ಮಾಡಲಿಲ್ಲ, ಆ ಖರ್ಜೂರ ಮಾಡ್ತು." ಆದರೆ ಅದೇ ಚನ್ನಪ್ಪ, ಅವರು ಹಾಕಿದ ಹಳಿಯ ಮೇಲೆ ಮೊದಲ ಗಾಡಿ ದಾಟಿದ್ದನ್ನು ಹೇಳುವಾಗ ಎದ್ದು ನಿಲ್ಲುತ್ತಿದ್ದ. ಕುಳಿತು ಹೇಳುವ ಮಾತಲ್ಲ ಅದು ಎಂಬಂತೆ. ಆ ಹಳಿ ಒಂದು ದಿನವೂ ಕುಸಿಯಲಿಲ್ಲ ಎಂದು ಎಲ್ಲರೂ ಬೇರೆ ಬೇರೆಯಾಗಿ ಬಂದು ಒಂದೇ ರೀತಿ ಹೇಳಿದರು.

ಅಪ್ಪನ ನಿಯಮ ಒಂದೇ. ಜೊತೆಗಿದ್ದು ಕಣ್ಣಾರೆ ಕಂಡವನು ಹೇಳದ ಹೆಸರು ಕಲ್ಲಿಗೆ ಹೋಗಬಾರದು. ಎಂಟು ಹೆಸರುಗಳಿಗೆ ತೊಂದರೆಯಾಗಲಿಲ್ಲ. ಒಂಬತ್ತನೆಯದರಲ್ಲಿ ಕೆಲಸ ನಿಂತಿತು.

ಆ ಒಂಬತ್ತನೆಯವನು ಗಂಗವ್ವನ ಗಂಡ ನಿಂಗಪ್ಪ. ಅವನ ಅಣ್ಣ ಫಕೀರಪ್ಪ ಗ್ಯಾಂಗಿನ ಕಾಯಂ ಆಳು. ನಿಂಗಪ್ಪ ಬದಲಿ, ಅಂದರೆ ಯಾರಾದರೂ ಬಾರದ ದಿನ ಅವರ ಹೆಸರಿನಲ್ಲಿ ದುಡಿಯುವವನು. ಆಗಿನ ಗ್ಯಾಂಗುಗಳಲ್ಲಿ ಇದು ರೂಢಿ. ಅಣ್ಣನ ಹಾಜರಿಗೆ ತಮ್ಮ ಓಗೊಟ್ಟರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಯುದ್ಧಕ್ಕೆ ಹೊರಡುವ ಕರೆ ಬಂದಾಗ ಫಕೀರಪ್ಪ ಜ್ವರದಿಂದ ಮಲಗಿದ್ದ. ಹೋಗದಿದ್ದರೆ ಕಾಯಂ ನೌಕರಿ ಹೋಗುತ್ತದೆಂದು ಯಲ್ಲಪ್ಪ ಮೇಸ್ತ್ರಿ ಒಂದು ದಿನದ ಬದಲಿಯ ಹಾಗೆಯೇ ನಿಂಗಪ್ಪನನ್ನು ಅಣ್ಣನ ಹೆಸರಿನಲ್ಲಿ ಗಾಡಿ ಹತ್ತಿಸಿದರು. ಮೊದಮೊದಲು ಸಾಹೇಬರು ಫಕೀರಪ್ಪ ಎಂದು ಕೂಗಿದಾಗ ಅವನು ಸುಮ್ಮನೆ ನಿಲ್ಲುತ್ತಿದ್ದನಂತೆ, ಪಕ್ಕದವರು ತಿವಿಯಬೇಕಾಗುತ್ತಿತ್ತಂತೆ. ಮರಳುಗಾಡಿನಲ್ಲಿ ವ್ಯಾಗನ್ನಿನಿಂದ ಇಳಿಸುವಾಗ ಜಾರಿದ ಹಳಿಯೊಂದು ಅವನ ಮೇಲೆ ಬಿತ್ತು. ಹಳಿಯ ಪಕ್ಕದಲ್ಲೇ ಮಣ್ಣು ಮಾಡಿ, ಮೇಲೆ ಹಲಗೆ ನೆಟ್ಟರು. ಹಲಗೆಯ ಮೇಲೆ ಬರೆದದ್ದು ಫಕೀರಪ್ಪ. ಫಕೀರಪ್ಪ ಸತ್ತನೆಂದು ಊರಿಗೆ ತಂತಿ ಬಂದಾಗ ಅದನ್ನು ಕೈಯಾರೆ ಇಸಿದುಕೊಂಡವನೂ ಫಕೀರಪ್ಪನೇ.

ಇದು ಊರಿಗೆಲ್ಲ ತಿಳಿದ ಸಂಗತಿ. ಆದರೆ ಬರೆದುಕೊಳ್ಳಲು ಕೂತರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಬಿಟ್ಟರೆ ಯಲ್ಲಪ್ಪ ಮೇಸ್ತ್ರಿ ಸಿಕ್ಕಿಬೀಳುತ್ತಿದ್ದರು. ಸರಕಾರಕ್ಕೆ ಸುಳ್ಳು ಹಾಜರಿ ಕೊಟ್ಟವರು ಅವರು, ರಿಟೈರಾಗಲು ಇನ್ನೆರಡು ವರ್ಷ ಇತ್ತು. ಅಪ್ಪ ಕೇಳಿದಾಗ ಅವರು ಗೋಡೆ ನೋಡುತ್ತ ಹೇಳಿದರು: "ಹಾಜರಿ ಫಕೀರಪ್ಪ ಅಂತ ಇತ್ತು. ಅಷ್ಟ ಬರಕೋರಿ ಮಾಸ್ತರ." ಊರಿನಿಂದ ಬಂದ ಒಬ್ಬರ ಬಾಯಲ್ಲಿ ಫಕೀರಪ್ಪ ಹೇಳಿ ಕಳಿಸಿದ: "ತಂತ್ಯಾಗ ಒಮ್ಮೆ ಸತ್ತೇನಿ. ಇನ್ನ ಕಲ್ಲಿನ್ಯಾಗೂ ಸಾಯಸ್ತೀರೇನು? ಹಂಗ ಕೆತ್ತಿದ್ರ ನಾ ಸ್ಟೇಶನ್ನಿಗೆ ಕಾಲ ಇಡೂದಿಲ್ಲ."

ಗಂಗವ್ವ ನನ್ನ ಜಡೆ ಹೆಣೆಯುತ್ತಿದ್ದ ಒಂದು ಸಂಜೆ ಅಪ್ಪ ಕೆಲಸದಿಂದ ಬಂದರು. ಅವಳು ನನ್ನ ಕೂದಲು ಬಿಡದೆಯೇ ಕೇಳಿದಳು.

"ತಮ್ಮಾ, ಊರಿಗೆಲ್ಲಾ ಗೊತ್ತೈತಿ. ನಿನ್ನ ಪೆನ್ನಿಗೊಂದ ಗೊತ್ತಿಲ್ಲೇನು?"

"ಗೊತ್ತಿರೂದು ಬ್ಯಾರೆ, ಬರಿಯೂದು ಬ್ಯಾರೆ ಅಕ್ಕಾ. ಅಲ್ಲಿದ್ದಾಂವ ಒಬ್ಬ ಹೇಳಬೇಕು."

"ಅಲ್ಲಿ ಹಲಿಗಿ ಮ್ಯಾಲ ಅವರಣ್ಣನ ಹೆಸರು. ಕಾಗದದಾಗ ಅವರಣ್ಣನ ಹೆಸರು. ನಾ ಯಾರ ಹೇಣ್ತಿ ಹಂಗಾದ್ರ?" ಅವಳ ಕೈ ಬಿಗಿದು ನನ್ನ ತಲೆ ಹಿಂದಕ್ಕೆ ಜಗ್ಗಿತು. "ಒಂದ ಕಲ್ಲಿನ ಮ್ಯಾಲರ ಅವನ ಹೆಸರು ಇರಲಿ. ಇಲ್ಲಂದ್ರ ಅಂವ ಹುಟ್ಟಲೇ ಇಲ್ಲಂತ ತಿಳಕೋತೇನಿ."

ಅಪ್ಪ ಒಳಗೆ ಹೋಗಿ ಹೆಸರಿನ ಪಟ್ಟಿ ತೆಗೆದರು. ಒಂಬತ್ತನೆಯ ಸಾಲನ್ನು ಖಾಲಿ ಬಿಟ್ಟರು. ಆ ವಾರ ಪಂಕ್ತಿಯಲ್ಲಿ ಯಲ್ಲಪ್ಪ ಮೇಸ್ತ್ರಿಗೆ ರೊಟ್ಟಿ ಹಾಕುತ್ತ ಗಂಗವ್ವ ಹೇಳಿದ್ದನ್ನು ನಾನೇ ಕೇಳಿದ್ದೇನೆ. "ಕೆಂಪ ಬಾವುಟ ಹಿಡದು ಡಾಕಗಾಡಿ ನಿಲ್ಲಸ್ತಿ. ಒಂದ ಹೆಸರು ಹೇಳಾಕ ಬಾಯಿ ಬರೂದಿಲ್ಲ ನಿನಗ. ತಗೋ, ಪುಂಡಿಪಲ್ಯಾ ಹಾಕ್ಲೆ?" ಮೇಸ್ತ್ರಿ ತಲೆ ಬಗ್ಗಿಸಿ ಉಂಡರು. ಗಂಡ ಸತ್ತಮೇಲೆ ಅವಳನ್ನು ಮುಂಬಯಿಗೆ ಕರೆತಂದು ಖಾನಾವಳಿ ಹಚ್ಚಿಕೊಟ್ಟವರು ಅವರೇ. ಅವರು ಅವಳ ಕೈಯ ಅನ್ನ ತಪ್ಪಿಸಿದ್ದನ್ನು ನಾನು ಕಾಣಲಿಲ್ಲ; ಅವಳು ಬೈಯುವುದನ್ನು ತಪ್ಪಿಸಿದ್ದನ್ನೂ ಕಾಣಲಿಲ್ಲ.

ಕಲ್ಲು ಚಾಳಿನ ಹಿಂದಿನ ಗುಡ್ಡದ ಕ್ವಾರಿಯಿಂದ ಬಂದದ್ದು. ಬೇಸಿಗೆಯುದ್ದಕ್ಕೂ ಅಂಗಳದ ನಲ್ಲಿಯ ಪಕ್ಕ ಬಿದ್ದಿತ್ತು. ಹೆಂಗಸರು ಅದರ ಮೇಲೆ ಹಪ್ಪಳ ಒಣಹಾಕುತ್ತಿದ್ದರು. ಮಳೆಗೆ ಮುಂಚೆ ಅದನ್ನು ವಿಲೆ ಪಾರ್ಲೆಯ ಕೆತ್ತನೆಗಾರನಿಗೆ ಮುಟ್ಟಿಸಬೇಕಿತ್ತು. ಅವನು ಮರಾಠಿಯವನು, ಆದ್ದರಿಂದ ಅಪ್ಪ ಕನ್ನಡದ ಅಕ್ಷರಗಳನ್ನು ದೊಡ್ಡದಾಗಿ ಬಿಡಿಸಿದ ಹಾಳೆ ಸಿದ್ಧಮಾಡಿದ್ದರು. ಕಲ್ಲಿನೊಂದಿಗೆ ಹಾಳೆಯೂ ಹೋಗಬೇಕು. ಒಂಬತ್ತನೆಯ ಸಾಲು ಆ ಬೆಳಿಗ್ಗೆಯೂ ಖಾಲಿಯೇ ಇತ್ತು.

ಕಲ್ಲಿಗೆ ಹಗ್ಗ ಸುತ್ತಿ ಬೊಂಬು ತೂರಿಸಿ ಏಳೂ ಜನ ನಿಂತರು. ಯಲ್ಲಪ್ಪ ಮೇಸ್ತ್ರಿ ಎದುರಿಗೆ. ಮುಂಬಯಿಯ ಗ್ಯಾಂಗುಗಳಲ್ಲಿ ಎಲ್ಲ ಕಡೆಯವರೂ ಇರುತ್ತಿದ್ದುದರಿಂದ ಎತ್ತುವಾಗ ಹಾಕುವ ಕೂಗು ಹಿಂದಿ ಮರಾಠಿ ಬೆರೆತದ್ದು. ಮೇಸ್ತ್ರಿ ಅದನ್ನೇ ಹಾಕಿದರು. ಕಲ್ಲು ಅಲ್ಲಾಡಿ, ಒಂದು ಬದಿಗೆ ವಾಲಿ, ಕೂತುಬಿಟ್ಟಿತು. ಎರಡನೆಯ ಸಲವೂ ಹಾಗೇ. ಚಾಳಿನ ಗ್ಯಾಲರಿಯಲ್ಲಿ ನಿಂತವರು ನಕ್ಕರು. "ಅರೆ ಮೇಸ್ತ್ರಿ, ಕ್ರೇನ್ ಮಂಗವಾಲೋ!" ಎಂದು, ಕ್ರೇನ್ ತರಿಸಲು ಹೇಳಿ, ಒಬ್ಬ ಕೂಗಿದ.

ಏಕೆ ವಾಲುತ್ತಿದೆ ಎಂದು ಮೊದಲು ಕಂಡದ್ದು ಗಂಗವ್ವನಿಗೆ. ಆ ಏಳೂ ಜನ, ಆಮೇಲೆ ಅವರೇ ಹೇಳಿದ ಹಾಗೆ, ತಮಗೆ ಗೊತ್ತಿಲ್ಲದೆಯೇ ಮರಳುಗಾಡಿನಲ್ಲಿ ಹಳಿ ಎತ್ತುವಾಗ ನಿಲ್ಲುತ್ತಿದ್ದ ಜಾಗಗಳಲ್ಲೇ ನಿಂತಿದ್ದರು. ಚನ್ನಪ್ಪನಿಗೂ ಅವನಾಚೆಯ ಮಾಳಪ್ಪನಿಗೂ ನಡುವೆ ಒಬ್ಬ ಆಳು ಹಿಡಿಸುವಷ್ಟು ಜಾಗ ಖಾಲಿ. ಕಲ್ಲು ಅತ್ತ ವಾಲುತ್ತಿತ್ತು. ಅಪ್ಪನೂ ನೋಡಿ, ಗ್ಯಾಲರಿಯಿಂದ ಯಾರನ್ನಾದರೂ ಕರೆಯೋಣ ಎಂದರು. ಗಂಗವ್ವ ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಇಳಿದು ಬಂದಿದ್ದಳು.

"ಅಲ್ಲಿ ಯಾರೂ ನಿಂದ್ರೂದ ಬ್ಯಾಡ," ಎಂದಳು. "ಮೇಸ್ತ್ರಿ, ನಮ್ಮೂರ ಕೂಗ ಹಾಕು."

ನಮ್ಮೂರಿನ ಕೂಗು ಎಂದರೆ ಹೆಸರಿನ ಕೂಗು. ಎತ್ತುವ ಮೊದಲು ಮೇಸ್ತ್ರಿ ಸಾಲಿನಲ್ಲಿ ನಿಂತವರನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕರೆಯಬೇಕು, ಅವರು ಓಗೊಡಬೇಕು. ಕೈ ಬಿಗಿಯಾಗಿದೆ, ಗಮನ ಇಲ್ಲಿದೆ ಎಂಬುದಕ್ಕೆ ಅದು ಗುರುತು. ಒಬ್ಬ ಬಂದಿಲ್ಲವಾದರೆ ಅವನ ಹೆಸರನ್ನು ಬಿಡುವಂತಿಲ್ಲ. ಅವನ ಎರಡೂ ಬದಿಯವರು ಓಗೊಡುತ್ತಾರೆ, ಅವನ ಭಾರ ಅವರ ಮೇಲೆ ಬೀಳುವುದರಿಂದ. ಯುದ್ಧದಿಂದ ಬಂದ ಮೇಲೆ ಯಲ್ಲಪ್ಪ ಆ ಕೂಗು ಹಾಕಿರಲಿಲ್ಲ ಎಂದು ಅಪ್ಪ ಆಮೇಲೆ ಹೇಳಿದರು.

ಮೇಸ್ತ್ರಿ ರುಮಾಲು ತೆಗೆದು ಮುಖ ಒರೆಸಿ ಮತ್ತೆ ಸುತ್ತಿಕೊಂಡರು. ನಂತರ ಬಂದ ದನಿ ನಾನು ಅಲ್ಲಿಯವರೆಗೆ ಅವರಿಂದ ಕೇಳಿದ್ದಲ್ಲ. ಒಂದೊಂದೇ ಹೆಸರು ಎತ್ತರದಲ್ಲಿ ಹೊರಟು ಗೋಡೆಗೆ ಬಡಿದು ಬಂತು. ಪ್ರತಿ ಹೆಸರಿಗೂ "ಅದೀನೋ!", ಇದ್ದೇನೆ ಎಂಬ ಓಗೊಡುವಿಕೆ. ಗ್ಯಾಲರಿಯ ನಗು ನಿಂತಿತು. ಚನ್ನಪ್ಪನ ಹೆಸರಾಯಿತು. ಮುಂದಿನ ಹೆಸರಿಗೆ ಮೇಸ್ತ್ರಿ ಉಸಿರು ತೆಗೆದುಕೊಂಡರು. ಅಪ್ಪ ಹಾಳೆ ಹಿಡಿದು ನಿಂತಿದ್ದರು. ಗಂಗವ್ವ ಮೇಸ್ತ್ರಿಯನ್ನು ನೋಡುತ್ತಿರಲಿಲ್ಲ, ಆ ಖಾಲಿ ಜಾಗವನ್ನು ನೋಡುತ್ತಿದ್ದಳು.

"ನಿಂಗ್ಯಾ!"

"ಅದೀನೋ!" ಎಂದು ಚನ್ನಪ್ಪ, ಮಾಳಪ್ಪ ಒಟ್ಟಿಗೇ ಕೂಗಿದರು.

ಕಲ್ಲು ಮೇಲೆದ್ದಿತು. ವಾಲಲಿಲ್ಲ. ಹಾತಗಾಡಿಯ ಮೇಲೆ ಕೂತಾಗ ಗಾಡಿಯ ಹಲಗೆ ಕಿರುಗುಟ್ಟಿತು. ಗ್ಯಾಲರಿಯಲ್ಲಿದ್ದ ಯಾರಿಗೂ ಕನ್ನಡ ಬರುತ್ತಿರಲಿಲ್ಲ, ಆದರೂ ಅವರು ಚಪ್ಪಾಳೆ ತಟ್ಟಿದರು.

ಅಪ್ಪ ಆಗಲೂ ನಿಯಮ ಬಿಡಲಿಲ್ಲ. ಮೇಸ್ತ್ರಿಯ ಬಳಿ ಹೋಗಿ ಕೇಳಿದರು: "ಬರೀಲೇನು?"

"ಚಾಳ ಪೂರಾ ಕೇಳೇತಲ್ರಿ. ಬರೀರಿ." ಯಲ್ಲಪ್ಪ ಮತ್ತೆ ಹೇಳಿದರು: "ಹೇಳಿದಾಂವ ಯಾರಂತ ಕೇಳಿದ್ರ ನನ್ನ ಹೆಸರೂ ಹೇಳ್ರಿ. ಅಂವನ್ನ ಗಾಡಿ ಹತ್ತಿಸಿದಾಂವ ನಾನ. ಅಂವ ಎತ್ತಿದ ಹಳಿ ಅಣ್ಣಂದಲ್ಲ, ಅವನದ."

ಅಪ್ಪ ಹಾತಗಾಡಿಯ ಅಂಚಿನ ಮೇಲೆ ಹಾಳೆ ಇಟ್ಟು ಖಾಲಿ ಸಾಲನ್ನು ತುಂಬಿದರು. ಅಕ್ಷರ ಬಿಡಿಸುವಾಗ ಅವರ ಕೈ ನಿಧಾನ. ಗಂಗವ್ವನಿಗೆ ಓದು ಬರುತ್ತಿರಲಿಲ್ಲ. "ಇದ ಏನು?" ಎಂದು ಬೆರಳಿಟ್ಟು ಕೇಳಿದಳು. ಅಪ್ಪ ಓದಿ ಹೇಳಿದರು. ಅವಳ ಬೆರಳಿನ ಹಿಟ್ಟು ಹಾಳೆಗೆ ಹತ್ತಿತು; ಅಪ್ಪ ಅದನ್ನು ಒರೆಸಲಿಲ್ಲ. "ಮೇಸ್ತ್ರಿ," ಎಂದಳು ಒಳಗೆ ಹೋಗುತ್ತ, "ಇವತ್ತ ಶೇಂಗಾ ಹೋಳಿಗಿ ಮಾಡೇನಿ. ಪಾರ್ಲೆದಾಗ ಹೊತ್ತ ಹಾಕಬ್ಯಾಡ, ಜಲ್ದಿ ಬಾ." ಗಾಡಿ ಪಾರ್ಲೆಯ ದಾರಿ ಹಿಡಿಯಿತು. ಎಂಟೂ ಜನ ಅದರ ಎರಡೂ ಬದಿಗೆ ನಡೆದರು, ಬರಿಗಾಲಲ್ಲಿ, ಮದುವೆಯ ದಿಬ್ಬಣದವರ ಹಾಗೆ ಎದೆ ಮುಂದೆ ಮಾಡಿ.

ಆಮೇಲೆ ನಾನು ಪತ್ರಿಕೆಯೊಂದರಲ್ಲಿ ಬಹಳ ವರ್ಷ ಕೆಲಸ ಮಾಡಿದೆ. ದೊಡ್ಡವರ ಎಷ್ಟೋ ಮಾತುಗಳನ್ನು ವರದಿ ಮಾಡಿದ್ದೇನೆ. ಯಾರ ಹೇಳಿಕೆಯನ್ನು ಬರೆದುಕೊಳ್ಳುವಾಗಲೂ, ಇದನ್ನು ಹೇಳುವುದರಿಂದ ಇವರಿಗೆ ಏನು ಹೋಗಬಹುದು ಎಂದು ಒಮ್ಮೆ ನೋಡುತ್ತಿದ್ದೆ. ಹೋಗುವುದಿದ್ದೂ ಹೇಳಿದವರು ಬಹಳ ಜನ ಸಿಗಲಿಲ್ಲ.

ಯಲ್ಲಪ್ಪ ಮೇಸ್ತ್ರಿಯ ಮೇಲೆ ವಿಚಾರಣೆ ಬರಲಿಲ್ಲ. ಅವಧಿ ಮುಗಿಸಿ ಊರಿಗೆ ಹೋದರು. ಕಲ್ಲು ನಿಲ್ಲಿಸಿದ ದಿನ ಫಕೀರಪ್ಪ ಸ್ಟೇಶನ್ನಿಗೆ ಬಂದು ಅದಕ್ಕೆ ಮೊದಲ ನೀರು ಹಾಕಿದನೆಂದು ಮೇಸ್ತ್ರಿ ಹೇಳಿಕಳಿಸಿದ್ದರು. ಗಂಗವ್ವ ಅದನ್ನು ಒಮ್ಮೆ ಹೋಗಿ ನೋಡಿಬಂದಳು. ಖಾನಾವಳಿಯನ್ನು ಕೈ ಸೋಲುವವರೆಗೂ ನಡೆಸಿದಳು, ತೀರಿಕೊಂಡದ್ದು ಜೋಗೇಶ್ವರಿಯಲ್ಲೇ. ಚಾಳು ಇದ್ದ ಜಾಗದಲ್ಲಿ ಈಗ ಬಿಲ್ಡಿಂಗು ಇದೆ. ಆ ಸ್ಲೀಪರ್ ಎಲ್ಲಿ ಹೋಯಿತೋ ಗೊತ್ತಿಲ್ಲ.

ನಾನು ಕಳೆದ ಸಲ ಹೋದಾಗ ಊರಿನ ಸ್ಟೇಶನ್ನಿನ ಹಳೆಯ ಕಟ್ಟಡ ಇರಲಿಲ್ಲ. ಕಲ್ಲನ್ನು ಹೊಸ ಪ್ಲಾಟ್‌ಫಾರ್ಮಿನ ನೀರಿನ ನಲ್ಲಿಯ ಪಕ್ಕಕ್ಕೆ ಸರಿಸಿದ್ದಾರೆ. ಕೆಳಗಿನ ಎರಡು ಸಾಲುಗಳ ಅಕ್ಷರಗಳು ಸವೆದಿವೆ. ಕೊನೆಯ ಸಾಲನ್ನು ಬೆರಳಿಟ್ಟರೆ ಓದಬಹುದು: ನಿಂಗಪ್ಪ, ಗ್ಯಾಂಗಮನ್.