ನೂಲು ಎಳೆದ ಧಾರೆ ಸೀರೆ

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದೆ. ಸಾಹುಕಾರರು ಬದುಕಿರುವಾಗ ಬೇಡ ಎಂದುಕೊಂಡೆ. ಅವರು ತೀರಿಹೋದ ಮೇಲೆ, ಅವರ ಹೆಂಡತಿ ಇದ್ದಾರಲ್ಲ ಎಂದುಕೊಂಡೆ. ಅವರೂ ಹೋದ ಮೇಲೆ ನನ್ನ ಕಣ್ಣಿಗೆ ಪೊರೆ ಬಂತು; ಅದು ಒಳ್ಳೆಯ ನೆಪವಾಗಿತ್ತು. ಕಳೆದ ತಿಂಗಳು ಪೊರೆ ತೆಗೆದರು. ಇನ್ನು ಓದಬಹುದು, ಬರೆಯಬಹುದು ಎಂದು ಡಾಕ್ಟರು ಹೇಳಿಬಿಟ್ಟರು.

ಸಾಹುಕಾರರು ಎಂದರೆ ಬಂಟ್ವಾಳ ಪೇಟೆಯಲ್ಲಿ ನಾನು ಕೆಲಸಕ್ಕಿದ್ದ ಜವುಳಿ ಅಂಗಡಿಯ ಯಜಮಾನರು. ನರಿಕೊಂಬಿನ ಬ್ಯಾರಿ ಮುಸಲ್ಮಾನರು. ಒಂದು ಕಾಲದಲ್ಲಿ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತು ಪೊಳಲಿಯಿಂದ ಬೆಳ್ತಂಗಡಿಯ ತನಕ ಮನೆ ಮನೆಗೆ ನಡೆದು ಮಾರಿದವರು. ನಾನು ಮೂಡಬಿದ್ರೆಯಲ್ಲಿ ಹೈಸ್ಕೂಲು ಮುಗಿಸಿ ಅವರಲ್ಲಿ ಸೇರುವಾಗ ಆ ಗಂಟು ಅಂಗಡಿಯಾಗಿತ್ತು. ಅವರ ಕುತ್ತಿಗೆ ಮಾತ್ರ ಗಂಟು ಇನ್ನೂ ಮೇಲಿದೆ ಎಂಬ ಹಾಗೆ ನೆಟ್ಟಗೆ ನಿಂತಿತ್ತು. ಯಾರನ್ನಾದರೂ ತಿರುಗಿ ನೋಡಬೇಕಾದರೆ ಇಡೀ ಮೈಯನ್ನು ತಿರುಗಿಸುತ್ತಿದ್ದರು.

ಎಂಥ ಗಿರಾಕಿ ಬಂದಿರಲಿ, ಮಧ್ಯಾಹ್ನದ ಊಟಕ್ಕೆ ಅವರು ಮನೆಗೆ ಹೋಗಲೇಬೇಕು. ಐದು ಹೆಣ್ಣುಮಕ್ಕಳನ್ನು ಸುತ್ತ ಕೂರಿಸಿಕೊಂಡು ಉಣ್ಣುವುದು ಅವರ ಕ್ರಮ. ಮೀನಿನ ಮುಳ್ಳು ಬಿಡಿಸಿ ಚಿಕ್ಕವಳಿಗೆ ಕೊಡುವ ಕೆಲಸವನ್ನು ಹೆಂಡತಿಗೂ ಬಿಟ್ಟುಕೊಟ್ಟವರಲ್ಲ. ಹೋಗುವಾಗ ಕೆಲವೊಮ್ಮೆ ಒಂದು ಹೊಸ ಸೀರೆಯನ್ನು ಪೇಪರಿನಲ್ಲಿ ಸುತ್ತಿ ಕೊಂಡುಹೋಗುತ್ತಿದ್ದರು. ಅದು ವಾಪಸು ಬರುವಾಗ ಒಂದು ನೂಲು ಎಳೆದುಹೋಗಿರುತ್ತಿತ್ತು. ಐದು ಮಕ್ಕಳ ಮನೆ, ಆಗುವಂಥದ್ದೇ ಎಂದು ನಾನು ತಿಳಿದಿದ್ದೆ.

ಅಂಥ ಸೀರೆಗೆ ನಮ್ಮಲ್ಲಿ 'ಡ್ಯಾಮೇಜು' ಎನ್ನುವುದು. ಮದುವೆಯ ಜವುಳಿಗೆ ಬಂದ ಬಡವರು ಒಳ್ಳೆಯ ಸೀರೆಯೊಂದನ್ನು ಮುಟ್ಟಿ ಕೈ ಹಿಂದೆ ತೆಗೆದರೆ, ಸಾಹುಕಾರರು ಕೆಳಗಿನ ಖಾನೆಯಿಂದ ಇದನ್ನು ಎಳೆದು ಮುಖ ಸಿಂಡರಿಸುತ್ತಿದ್ದರು.

"ಇದೊಂದು ಪೀಡೆ ಉಂಟು ನೋಡಿ. ನೂಲು ಎದ್ದಿದೆ, ಯಾರಿಗೂ ಬೇಡ. ನೀವು ಕೊಂಡುಹೋದರೆ ನನಗೆ ಅಷ್ಟು ಜಾಗ ಆಗ್ತದೆ."

ಕ್ರಯ ಹೆಸರಿಗೆ ಮಾತ್ರ. ತೆಗೆದುಕೊಂಡವರು ಸಾಹುಕಾರರಿಗೆ ಉಪಕಾರ ಮಾಡಿದವರ ಹಾಗೆ ಮೆಟ್ಟಿಲಿಳಿಯುತ್ತಿದ್ದರು.

ನಮ್ಮ ಕಡೆ ಧಾರೆ ಸೀರೆಯನ್ನು ಗಂಡಿನವರೇ ತರಬೇಕು. ನನ್ನ ಮದುವೆಗೆ ನಾನೂ ಒಂದು ಡ್ಯಾಮೇಜು ಸೀರೆ ಕೊಂಡುಹೋದೆ. ಅದರ ನೂಲು ಎದ್ದದ್ದು ಸೊಂಟಕ್ಕೆ ಸಿಕ್ಕಿಸುವ ತುದಿಯಲ್ಲಿ. ಇದನ್ನು ಪೂರ್ತಿ ಕ್ರಯಕ್ಕೆ ಮಾರಬಹುದಿತ್ತು, ಸಾಹುಕಾರರಿಗೆ ವ್ಯಾಪಾರವೇ ಗೊತ್ತಿಲ್ಲ ಎಂದು ಹೆಂಡತಿಯ ಮುಂದೆ ನಕ್ಕೆ. ಹಬ್ಬಕ್ಕೆ ಅವಳು ಅದನ್ನು ಉಟ್ಟಾಗಲೆಲ್ಲ ನಕ್ಕೆ. ನಾಲ್ಕು ವರ್ಷ ನಕ್ಕೆ.

ಆಮೇಲೆ ಒಂದು ದಿನ ಬೀಗದ ಕೈ ತರಲು ಅವರ ಮನೆಗೆ ಹೋದೆ. ಜಗಲಿಯಲ್ಲಿ ಸಾಹುಕಾರರ ಹೆಂಡತಿ ಹೊಸ ಸೀರೆಯೊಂದನ್ನು ಮಡಿಲಲ್ಲಿ ಹರಡಿ ಸೂಜಿಯಿಂದ ನೂಲು ಎಳೆಯುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಲಿಲ್ಲ.

"ಇಷ್ಟು ಸಾಕಲ್ಲ?" ಎಂದು ನನ್ನನ್ನೇ ಕೇಳಿದರು. "ಜಾಸ್ತಿ ಎಳಿ ಅಂತ ಹೇಳ್ತಾರೆ ಇವರು. ಕಣ್ಣಿಗೆ ಕಾಣದಿದ್ದರೆ ಡ್ಯಾಮೇಜು ಅಂತ ನಂಬುವುದಿಲ್ಲವಂತೆ. ನಿಮ್ಮ ಮನೆಯವರ ಸೀರೆಗೆ ಎಳೆಯುವಾಗ ನನ್ನ ಹೊಟ್ಟೆ ಉರಿದುಹೋಯಿತು. ಎಂಥ ಒಳ್ಳೆ ಹಸಿರು ಅದು!"

ನನಗೆಲ್ಲ ಗೊತ್ತಿದೆ ಎಂದೇ ಅವರು ತಿಳಿದಿದ್ದರು. ನಾನೂ ಗೊತ್ತಿದ್ದವನ ಹಾಗೆ ತಲೆಯಾಡಿಸಿ ಬೀಗದ ಕೈ ತಂದೆ. ಧರ್ಮಕ್ಕೆ ಕೊಟ್ಟ ಸೀರೆ ತಂದು ಮದುವೆಯಾದವನು ನಾನು. ಅದನ್ನು ಉಪಕಾರ ಎಂದು ತಿಳಿಯಬೇಕಿತ್ತು. ನನಗೆ ಸಿಟ್ಟು ಬಂತು.

ಸಿಟ್ಟಿಗೆ ಎರಡು ವಾರ ಕೆಲಸ ಸಿಗಲಿಲ್ಲ. ಅಷ್ಟರಲ್ಲಿ ಬೆಳ್ತಂಗಡಿ ಹತ್ತಿರದ ಲಾಯಿಲದಿಂದ ಬೀಡಿ ಕಟ್ಟುವ ಒಬ್ಬ ವಿಧವೆ ಮಗನ ಮದುವೆಯ ಜವುಳಿಗೆ ಬಂದರು. ನಾನು ಜಗಲಿಯಲ್ಲಿ ಕಂಡ ಸೀರೆಯೇ ಅವರಿಗೆ ಹೋಯಿತು. ಎರಡು ದಿನ ಬಿಟ್ಟು, ಅದಕ್ಕೆ ರವಿಕೆಯ ಬಟ್ಟೆ ಹೊಂದಿಸಲು ಮತ್ತೆ ಬಂದರು. ಜೊತೆಯಲ್ಲಿ ಹೆಣ್ಣಿನ ಸೋದರತ್ತೆ, ಮೂಡಬಿದ್ರೆಯವರು. ಸಾಹುಕಾರರು ಊಟಕ್ಕೆ ಹೋಗಿದ್ದರು.

ಸೋದರತ್ತೆ ಸೀರೆಯನ್ನು ತುದಿಯ ತನಕ ಬಿಡಿಸಿ ನೋಡಿದರು.

"ಇದೆಂಥದು ಮಾರಾಯ್ರೆ, ನೂಲು ಎದ್ದಿದೆ! ನಮ್ಮ ಹುಡುಗಿಗೆ ಧಾರೆಗೆ ಡ್ಯಾಮೇಜು ಸೀರೆಯಾ?"

ವಿಧವೆ ನನ್ನ ಕಡೆ ನೋಡಿದರು. ಮಗ್ಗದಲ್ಲಿ ಹೀಗಾಗುವುದುಂಟು, ನೆರಿಗೆಯೊಳಗೆ ಹೋಗುತ್ತದೆ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅದಕ್ಕಿಂತ ದೊಡ್ಡ ಸುಳ್ಳುಗಳನ್ನು ನಾನು ದಿನಕ್ಕೆ ಹತ್ತು ಹೇಳುತ್ತಿದ್ದೆ. ಆ ದಿನ ಸತ್ಯ ಹೇಳಿದೆ.

"ಸೀರೆಗೆ ಏನೂ ಆಗಲಿಲ್ಲ ಅಕ್ಕ. ಸಾಹುಕಾರರ ಮನೆಯವರು ಬೇಕೆಂತಲೇ ಸೂಜಿಯಲ್ಲಿ ಎಳೆಯುವುದು. ಇಲ್ಲದವರಿಗೆ ಇಲ್ಲಿ ಹೀಗೆಯೇ ಕೊಡುವುದು. ಧರ್ಮಕ್ಕೆ ಅಂತ ಹೇಳಿದರೆ ತಗೊಳ್ಳುವುದಿಲ್ಲವಲ್ಲ!"

ಬಣ್ಣ ಬಿಡುವುದಿಲ್ಲ, ಧೈರ್ಯವಾಗಿ ಒಗೆಯಿರಿ ಎಂದು ಹೇಳುವ ಸ್ವರದಲ್ಲೇ ಹೇಳಿದೆ.

ತಲೆ ತಗ್ಗಿಸಿದ್ದು ಸೋದರತ್ತೆ. "ಹೋಗಲಿ ಬಿಡಿ, ರವಿಕೆ ನೋಡುವ" ಎಂದರು. ವಿಧವೆ ಸೀರೆಯನ್ನು ಅಂಗಡಿಯ ಮಡಿಕೆಯಲ್ಲೇ, ಗೆರೆ ತಪ್ಪದ ಹಾಗೆ ಮಡಚಿದರು. "ಇದು ನಿಮ್ಮದು" ಎಂದು ನನ್ನ ಮುಂದಿಟ್ಟು ಇಳಿದು ಹೋದರು.

ನಡೆದದ್ದನ್ನು ಸಾಹುಕಾರರಿಗೆ ನಾನೇ ಹೇಳಿದೆ. ಸೋದರತ್ತೆ ಒತ್ತಾಯ ಮಾಡಿ ಕೇಳಿದರು ಎಂದು ಸೇರಿಸಿದೆ. ಅವರು ಇಡೀ ಮೈ ತಿರುಗಿಸಿ ನನ್ನನ್ನು ನೋಡಿದರು. ಬೈಯಲಿಲ್ಲ. "ನಾಳೆ ಬೆಳಿಗ್ಗೆಯ ಬಸ್ಸಿಗೆ ಲಾಯಿಲಕ್ಕೆ ಹೋಗುವ" ಎಂದರು.

ವಿಧವೆಯ ಮನೆಯ ಬೇಲಿಯ ಹತ್ತಿರ ಮುಟ್ಟಿದಾಗ ಸಾಹುಕಾರರು ಕೇಳಿದರು, "ನೀನು ಮಾತಾಡ್ತೀಯಾ?"

"ನೀವೇ ಮಾತಾಡಿ. ನೀವು ಹೇಳಿದರೆ ಅದಕ್ಕೊಂದು ತೂಕ ಉಂಟು."

"ತೂಕ ಯಾರಿಗೆ ಬೇಕು ಮಾರಾಯ. ಬಾಯಿ ನಿನ್ನದಲ್ವಾ?"

ನಾನು ಅಲುಗಲಿಲ್ಲ. ಅವರು ತಮ್ಮ ಕೊಡೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಎರಡು ಕೊಡೆಗಳನ್ನು ಯಾರಾದರೂ ಕಾಯಬೇಕಲ್ಲ ಎಂದು ನಾನು ಹೊರಗೇ ನಿಂತೆ. ಸಾಹುಕಾರರು ಅಂಗಳದಲ್ಲಿ ನಿಂತು ಹೇಳಿದ್ದು ನನಗೆ ಕೇಳುತ್ತಿತ್ತು.

"ತಪ್ಪು ನನ್ನದು ಅಮ್ಮ. ಅಂಗಡಿ ನನ್ನದು, ಕೆಲಸದ ಜನ ನನ್ನದು."

ವಿಧವೆ ಸಾಹುಕಾರರನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟರು. ನಾವು ಮರಳಿ ಕೊಂಡುಹೋಗಿದ್ದ ಸೀರೆ ಮುಟ್ಟಲಿಲ್ಲ. ಮತ್ತೆ ಇನ್ನೊಂದು ಚೊಂಬು ನೀರು ಹಿಡಿದು ಬೇಲಿಯ ತನಕ ಬಂದು ನನಗೂ ಕೊಟ್ಟರು. ಕುಡಿದೆ. "ಸಾಕು" ಎಂದೆ.

ಮದುವೆ ನಡೆಯಿತು. ಧಾರೆಗೆ ಆ ತಾಯಿ ತನ್ನದೇ ಹಳೆಯ ಧಾರೆ ಸೀರೆಯನ್ನು ಒಗೆದು ಕೊಟ್ಟರಂತೆ. ಬಂಟ್ವಾಳದ ಅಂಗಡಿಗೆ ಅವರು ಮತ್ತೆ ಬರಲಿಲ್ಲ. ಸಾಹುಕಾರರು ನನ್ನನ್ನು ಕೆಲಸದಿಂದ ತೆಗೆಯಲೂ ಇಲ್ಲ, ಕೆಳಗಿನ ಖಾನೆಯನ್ನು ಮುಟ್ಟಲು ಬಿಡಲೂ ಇಲ್ಲ.

ಅವರು ಕೊನೆಯ ಕಾಯಿಲೆಯಲ್ಲಿ ಮಲಗಿದ್ದಾಗ ಹೋಗಿ ಕ್ಷಮಿಸಬೇಕು ಎಂದೆ. "ನನ್ನ ಹತ್ತಿರ ಎಂಥಕ್ಕೆ? ಬೆಳ್ತಂಗಡಿಗೆ ಬಸ್ಸು ಇಲ್ವಾ?" ಎಂದರು. ಅವರ ಹೆಂಡತಿಯಲ್ಲೂ ಕೇಳಿದೆ. ಹಸಿರು ಸೀರೆ ಈಗಲೂ ಉಂಟಾ ಎಂದು ಮಾತ್ರ ವಿಚಾರಿಸಿದರು. ನನ್ನ ಹೆಂಡತಿಗೂ ಎಲ್ಲ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು.

"ಸೂಜಿಯಲ್ಲಿ ಎಳೆದದ್ದು ಯಾವ ಹೆಂಗಸಿಗೆ ಗೊತ್ತಾಗುವುದಿಲ್ಲ? ಉಟ್ಟ ದಿನವೇ ಗೊತ್ತಿತ್ತು. ಹೇಳುವಂಥದ್ದು ಎಂಥ ಉಂಟು ಅದರಲ್ಲಿ?"

ಹಾಗಾದರೆ ಲಾಯಿಲದ ವಿಧವೆಗೂ ಗೊತ್ತಿದ್ದಿರಬೇಕು. ಯಾರೂ ಬಾಯಿ ಬಿಡದಿದ್ದರೆ ಮದುಮಗಳು ಅದನ್ನು ಉಡಬಹುದಿತ್ತು.

ಬೆಳ್ತಂಗಡಿಯ ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಎರಡು ಸಲ ಕಂಡೆ. ಎರಡು ಸಲವೂ ಬಸ್ಸಿನ ಬೋರ್ಡು ಓದುತ್ತ ನಿಂತೆ. ಉಳಿದವರಲ್ಲೆಲ್ಲ ಕ್ಷಮೆ ಕೇಳಿ ಮುಗಿಸಿದ್ದೇನೆ. ಕೇಳದೆ ಉಳಿದದ್ದು ಒಬ್ಬರಲ್ಲಿ: ಲಾಯಿಲದಲ್ಲಿ ಬೀಡಿ ಕಟ್ಟುತ್ತಿದ್ದ, ಬೇಲಿಯ ತನಕ ನನಗೆ ನೀರು ತಂದುಕೊಟ್ಟ, ಮದುಮಗನ ಆ ತಾಯಿಯಲ್ಲಿ.