ವಿಭೂತಿ ಹಚ್ಚಿಸಿಕೊಂಡ ಆಮೆ

ಕೇಳಿರಿ ಎಲ್ಲರೂ, ಇವತ್ತು ಬೆಳಿಗ್ಗೆ ನಮ್ಮ ಗಡಹಿಂಗ್ಲಜದ ಮನೆಯಲ್ಲಿ ಆಮೆಗೆ ಕುಣಿ ತೋಡಿದೆವು.

ಮೊಮ್ಮಗಳು ಗೌರಿ ಸಾಕಿದ ಆಮೆ ತೊಟ್ಟಿಯಲ್ಲಿ ಕಲ್ಲಿನಂತೆ ಬಿದ್ದಿತ್ತು. ಮುಟ್ಟಿದರೂ ಅಲುಗಾಡಲಿಲ್ಲ. ಸೊಸೆ ನೀರಿಗೆ ಕೈಯದ್ದಿ, "ಅತ್ತೀ, ಹೀಟರ್ ಯಾರ ಬಂದ್ ಮಾಡ್ಯಾರ್ರಿ? ನೀರು ಬರ್ಫ ಆಗೇತಿ!" ಎಂದಳು.

ಮಾಡಿದವಳು ನಾನೇ. ನೀರಿನ ಪ್ರಾಣಿಗೆ ಬಿಸಿನೀರಿನ ಮುದ್ದು ಯಾಕೆ ಎಂದು ನಿನ್ನೆ ಸಂಜೆ ಬಂದ್ ಮಾಡಿದ್ದೆ.

"ಆಯೀ, ನೀನ ಕೊಂದಿ ನೋಡು," ಎಂದು ಗೌರಿ ಅತ್ತಳು. ಮಣ್ಣಾದರೂ ಸರಿಯಾಗಿ ಮಾಡೋಣವೆಂದು ಚಿಪ್ಪಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ಅದನ್ನು ಬಿಸಿಲು ಬಿದ್ದ ಕಟ್ಟೆಯ ಮೇಲಿಟ್ಟೆ. ಮಗ ಅರ್ಧ ಕುಣಿ ತೋಡುವಷ್ಟರಲ್ಲಿ ಆಮೆ ಕುತ್ತಿಗೆ ಹೊರಹಾಕಿ ನನ್ನನ್ನೇ ನೋಡಿತು! ಹೋದ ಜೀವ ಬಂದದ್ದು ನನಗೆ.

ದನದ ಡಾಕ್ಟರು ಫೋನಿನಲ್ಲಿ ನಕ್ಕರು. "ಥಂಡಿಗೆ ಸೆಟದಿತ್ರಿ ಅಷ್ಟ. ನೀರು ಇಪ್ಪತ್ತೈದು ಡಿಗ್ರಿ ಇರ್ಲಿ, ಮೈ ಕಾಸ್ಕೊಳ್ಳೋ ಕಲ್ಲು ಮೂವತ್ತೆರಡು."

ಈಗ ಥರ್ಮಾಮೀಟರ್ ನನ್ನ ವಶದಲ್ಲಿದೆ. ಹೀಟರ್ ಮುಟ್ಟಿದವರಿಗೆ ಊಟವಿಲ್ಲ ಎಂದು ಮನೆಮಂದಿಗೆಲ್ಲ ಗದರಿಸಿ ಹೇಳಿದೆ.

"ಯಾರಿಗೆ ಹೇಳಾಕತ್ತಿ, ಆಯೀ?" ಎಂದು ಕೇಳಿದಳು ಗೌರಿ.